ಮೊದಲು ಒಂದನ್ನು ಬಳಸುವವರ ಕೈಗೆ ಕೊಡಿ

ಹೋದ ತಿಂಗಳು ಇದೇ ಅಂಕಣದಲ್ಲಿ ಒಂದು ಮಾತು ಬರೆದಿದ್ದೆ. ಏನನ್ನೇ ಮಾಡಿ ಮಾರುವುದಿದ್ದರೂ ನೂರು ಮಾಡುವ ಮೊದಲು ಒಂದು ಮಾಡಿ, ಅದನ್ನು ದಿನಾ ಬಳಸುವವರ ಕೈಗೆ ಎಂಟು ದಿನ ಕೊಟ್ಟು ನೋಡಿ ಅಂತ. ಬರೆದದ್ದು ಎರಡೇ ಸಾಲು. ಅದಕ್ಕೆ ಮುಂಬಯಿ ಹತ್ತಿರದ ಡೊಂಬಿವಲಿಯಿಂದ ಹಿಡಿದು ಗೋವಾದ ವಾಸ್ಕೋವರೆಗೆ ಪತ್ರ ಬಂದಿವೆ. ಪುಣೆ ಹತ್ತಿರದ ಭೋಸರಿಯಲ್ಲಿ ಮೂವತ್ತು ವರ್ಷ ವರ್ಕ್‌ಶಾಪ್ ನಡೆಸಿದ ನನಗೆ ಇದು ತುಂಬಾ ಹತ್ತಿರದ ವಿಷಯ. ಹಾಗಾಗಿ ಈ ಸಲ ಪೂರ್ತಿ ಅಂಕಣ ಇದಕ್ಕೇ. ಉದ್ದದ ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ.

ಪ್ರಶ್ನೆ: ನಾನು ಮನೆಯಲ್ಲೇ ಬ್ಯಾಗ್ ಹೊಲಿಯುತ್ತೇನೆ. ಆಫೀಸಿಗೆ ಹೋಗುವ ಹೆಂಗಸರಿಗೆ ಅಂತ ಒಂದು ಹೊಸ ಮಾದರಿ ಮಾಡಿದೆ. ಡಬ್ಬಾ, ನೀರಿನ ಬಾಟಲಿ, ಕೊಡೆ, ಮೊಬೈಲ್, ಎಲ್ಲದಕ್ಕೂ ಬೇರೆ ಬೇರೆ ಜಾಗ ಇದೆ. ಮನೆಯವರು, ಮಹಿಳಾ ಮಂಡಳದವರು ಎಲ್ಲರೂ ಚೆನ್ನಾಗಿದೆ ಅಂದರು. ಧೈರ್ಯ ಮಾಡಿ 60 ಹೊಲಿದೆ. 25 ಮಾರಾಟವಾದವು, ಅದರಲ್ಲಿ 9 ವಾಪಸ್ ಬಂದವು. ಬ್ಯಾಗ್ ಚೆನ್ನಾಗಿದೆ, ಆದರೆ ಟ್ರೈನ್‌ಗೆ ಆಗಲ್ಲ ಅಂತಾರೆ. ಏನು ಆಗಲ್ಲ ಅಂದರೆ ಸರಿಯಾಗಿ ಹೇಳುವುದಿಲ್ಲ. ಉಳಿದ 35 ಬ್ಯಾಗ್ ಏನು ಮಾಡಲಿ?
ಓದುಗರು, ಡೊಂಬಿವಲಿ

ಉತ್ತರ: ಅಕ್ಕಾ, ನಿಮ್ಮ ಹೊಲಿಗೆಯಲ್ಲಿ ತಪ್ಪಿಲ್ಲ. ನೀವು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದೆ, ಅಂಚಿನ ಹೊಲಿಗೆ ಒಂದು ಕಡೆಯೂ ಸೊಟ್ಟ ಹೋಗಿಲ್ಲ. ಆದರೆ ಆ ಫೋಟೋದಲ್ಲಿ ಬ್ಯಾಗ್ ಟೇಬಲ್ ಮೇಲೆ ಕೂತಿದೆ. ನಿಮ್ಮ ಮನೆಯವರೂ ಮಂಡಳದವರೂ ನೋಡಿದ್ದು ಅದನ್ನೇ. ಬ್ಯಾಗ್ ಇರಬೇಕಾದ್ದು ಬೆಳಗ್ಗೆ ಎಂಟೂವರೆಯ ಫಾಸ್ಟ್ ಟ್ರೈನ್‌ನ ಲೇಡೀಸ್ ಬೋಗಿಯಲ್ಲಿ ಅಲ್ವಾ?

ಒಂದು ದಿನ ನೀವೇ ಅದೇ ಬ್ಯಾಗ್ ಹಾಕಿಕೊಂಡು ಆ ಟ್ರೈನ್ ಹತ್ತಿ. ಒಳಗೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ, ಆದರೆ ಈ ಸಲ ಪ್ರಯಾಣಿಕಳಾಗಿ ನೋಡಬೇಡಿ, ಬ್ಯಾಗ್ ಹೊಲಿಯುವವಳಾಗಿ ನೋಡಿ. ಹತ್ತುವಾಗ ಎಲ್ಲರೂ ಬ್ಯಾಗನ್ನು ಹಿಂದಿನಿಂದ ಹೊಟ್ಟೆಯ ಮೇಲಕ್ಕೆ ಎಳೆದುಕೊಳ್ಳುತ್ತಾರೆ. ಅಂದರೆ ನೀವು ಬೆನ್ನಿನ ಕಡೆ ಭದ್ರವಾಗಿರಲಿ ಅಂತ ಇಟ್ಟ ಮೊಬೈಲ್ ಜೇಬು ಈಗ ಹೊಟ್ಟೆಗೆ ಒತ್ತಿಕೊಂಡಿದೆ, ಕೈ ಹೋಗುವುದಿಲ್ಲ. ಒಂದು ಕೈ ಮೇಲಿನ ಹಿಡಿಕೆಯಲ್ಲಿ. ಉಳಿದದ್ದು ಒಂದೇ ಕೈ. ನಿಮ್ಮ ಜಿಪ್ ಆ ಒಂದೇ ಕೈಯಲ್ಲಿ ತೆರೆಯುತ್ತದೆಯೇ? ಹೊಸ ಜಿಪ್ ಬಿಗಿಯಾಗಿರುತ್ತದೆ, ಒಂದು ತುದಿ ಹಿಡಿದು ಇನ್ನೊಂದು ಕೈಯಿಂದ ಎಳೆಯಬೇಕು. ಟೇಬಲ್ ಮೇಲೆ ಅದು ತೊಂದರೆಯೇ ಅಲ್ಲ. ಟ್ರೈನ್‌ನಲ್ಲಿ ಫೋನ್ ರಿಂಗ್ ಆಗುತ್ತಿರುವಾಗ ಅದು ದೊಡ್ಡ ತೊಂದರೆ. ಇಳಿಯುವಾಗ ಇನ್ನೊಂದು. ದಾದರ್‌ನಲ್ಲಿ ಗಾಡಿ ನಿಲ್ಲುವುದು ಎಷ್ಟು ಹೊತ್ತು? ಆ ಗಡಿಬಿಡಿಯಲ್ಲಿ ಉದ್ದ ಬೆಲ್ಟ್ ಪಕ್ಕದವರ ಬ್ಯಾಗಿಗೋ ದುಪಟ್ಟಾಕ್ಕೋ ಸಿಕ್ಕಿಕೊಂಡರೆ ಅಪಾಯ.

ಇದೆಲ್ಲ ನನ್ನ ಊಹೆ. ನಿಮ್ಮ ಬ್ಯಾಗಿನ ನಿಜವಾದ ತೊಂದರೆ ಬೇರೆಯೇ ಇರಬಹುದು. ಅದಕ್ಕೇ ಹೇಳುತ್ತಿದ್ದೇನೆ, ಮೂರು ಬ್ಯಾಗನ್ನು ಮೂವರು ಹೆಂಗಸರಿಗೆ ಸುಮ್ನೆ ಕೊಡಿ. ಮೂವರೂ ನಿಮ್ಮ ಗೆಳತಿಯರಾಗಿರಬಾರದು, ಯಾಕೆಂದರೆ ಗೆಳತಿಯರು ಮನಸ್ಸು ನೋಯಿಸಲು ಇಷ್ಟಪಡುವುದಿಲ್ಲ. ಒಬ್ಬರು ದಿನಾ ಕೊನೆಯ ಸ್ಟೇಷನ್ ಸಿಎಸ್‌ಎಂಟಿವರೆಗೆ ಹೋಗುವವರಿರಲಿ, ಒಬ್ಬರು ಐವತ್ತು ದಾಟಿದವರಿರಲಿ, ಒಬ್ಬರು ಕಾಲೇಜಿನವರಿರಲಿ. ಅವರ ಹಳೆಯ ಬ್ಯಾಗಿನಲ್ಲಿರುವ ಸಾಮಾನನ್ನೆಲ್ಲ ನಿಮ್ಮ ಮುಂದೆಯೇ ಹೊಸದಕ್ಕೆ ತುಂಬಿಸಲು ಹೇಳಿ, ನೀವು ಬಾಯಿ ಬಿಡಬೇಡಿ, ಇದು ಕೊಡೆಗೆ, ಅದು ಡಬ್ಬಾಕ್ಕೆ ಅಂತ ತೋರಿಸಬೇಡಿ. ಯಾವುದು ಎಲ್ಲಿಗೆ ಹೋಗುತ್ತದೆ ಅಂತ ನೋಡಿ. ತುಂಬಿದ ಮೇಲೆ ತೂಗಿ. ಒಂದು ಲೀಟರ್ ನೀರೇ ಒಂದು ಕಿಲೋ, ಅದರ ಮೇಲೆ ಡಬ್ಬಾ, ಚಾರ್ಜರ್, ಸಂಜೆ ಸ್ಟೇಷನ್ ಹೊರಗೆ ಕೊಂಡ ತರಕಾರಿ. ನಿಮ್ಮ ಬೆಲ್ಟ್ ಸೇರುವ ಜಾಗದಲ್ಲಿ ಒಂದೇ ಸಾಲು ಹೊಲಿಗೆ ಕಾಣುತ್ತಿದೆ. ಅಲ್ಲಿ ಚೌಕ ಹಾಕಿ, ನಡುವೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಹೊಲಿಯಿರಿ. ಭಾರ ಹೊರುವ ಎಲ್ಲ ಬ್ಯಾಗಿನಲ್ಲೂ ಅದು ಇರುವುದು ಸುಮ್ನೆ ಅಲ್ಲ.

ಎಂಟು ದಿನ ಆದ ಮೇಲೆ ಹೋಗಿ, ಚೆನ್ನಾಗಿದೆಯಾ ಅಂತ ಮಾತ್ರ ಕೇಳಬೇಡಿ. ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಬ್ಯಾಗ್ ತೆಗೆದು ತೋರಿಸಿ ಅನ್ನಿ. ಜೇಬಿಗೆ ಸೇಫ್ಟಿ ಪಿನ್ ಚುಚ್ಚಿದ್ದಾರಾ? ಹಾಗಾದರೆ ಆ ಜೇಬಿನ ಬಾಯಿ ಅವರಿಗೆ ಭರವಸೆ ಕೊಟ್ಟಿಲ್ಲ. ಬೆಲ್ಟಿಗೆ ಗಂಟು ಹಾಕಿದ್ದಾರಾ? ಉದ್ದ ಜಾಸ್ತಿ. ಕೊಡೆಯನ್ನು ನಿಮ್ಮ ಜೇಬಿನಲ್ಲಿ ಇಡದೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟಿದ್ದಾರಾ? ಒದ್ದೆ ಕೊಡೆಯ ನೀರು ಡಬ್ಬಾಕ್ಕೆ ಇಳಿಯುತ್ತಿದೆ. ಬಾಯಲ್ಲಿ ಹೇಳಲಾಗದ್ದನ್ನು ಅವರ ಕೈ ಆಗಲೇ ಮಾಡಿ ತೋರಿಸಿರುತ್ತದೆ. ಇನ್ನೊಂದು ವಿಷಯ, ಈ ಪರೀಕ್ಷೆಯನ್ನು ಜನವರಿಯಲ್ಲಿ ಮಾಡಿದ್ದರೆ ಜುಲೈನಲ್ಲಿ ಮತ್ತೊಮ್ಮೆ ಮಾಡಿ. ಮುಂಬಯಿಯ ಮಳೆ ನೋಡದ ಬ್ಯಾಗ್ ಇನ್ನೂ ಪರೀಕ್ಷೆ ಪಾಸಾಗಿಲ್ಲ.

ಉಳಿದ 35 ಬ್ಯಾಗನ್ನು ಈಗಲೇ ಟ್ರೈನ್ ಬ್ಯಾಗ್ ಅಂತ ಮಾರಬೇಡಿ. ಎಂಟು ದಿನ ತಡೆಯಿರಿ. ತೊಂದರೆ ಜಿಪ್ಪಿನಲ್ಲೋ ಬೆಲ್ಟಿನಲ್ಲೋ ಇದ್ದರೆ ಅಷ್ಟು ಬಿಚ್ಚಿ ಸರಿಮಾಡಬಹುದು. ಮತ್ತೆ ಆ 9 ಜನ ಇದ್ದಾರಲ್ಲ, ಬ್ಯಾಗ್ ವಾಪಸ್ ಕೊಟ್ಟವರು, ಅವರ ಫೋನ್ ನಂಬರ್ ಇದ್ದರೆ ಜೋಪಾನ ಮಾಡಿ. ಸರಿಮಾಡಿದ ಮೊದಲ ಬ್ಯಾಗ್ ಅವರಿಗೇ ಕೊಡಿ.

ಪ್ರಶ್ನೆ: ನಾನು ಧಾರವಾಡದವನು, ಪುಣೆಯಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷ. ವಯಸ್ಸಾದವರಿಗೆ ಊರುಗೋಲಿನಲ್ಲೇ ಮಡಚುವ ಸೀಟು ಇರುವ ಪ್ರಾಜೆಕ್ಟ್ ಮಾಡುತ್ತಿದ್ದೇವೆ. ಕಂಪ್ಯೂಟರ್‌ನಲ್ಲಿ 100 ಕಿಲೋ ಭಾರ ಹಾಕಿ ನೋಡಿದ್ದೇವೆ, ಅದರ ಮೂರು ಪಟ್ಟು ತಡೆಯುತ್ತದೆ. ಗೈಡ್ ಇಷ್ಟು ಸಾಕು ಅಂತಾರೆ. ಇನ್ನೂ ಹೊರಗೆ ಒಯ್ದು ಪರೀಕ್ಷೆ ಮಾಡಬೇಕಾ ಸರ್?
ಓದುಗ, ಕೋಥ್ರೂಡ್

ಉತ್ತರ: ಮಾಡಬೇಕು ತಮ್ಮಾ. ಲೆಕ್ಕ ಬೇಡ ಅಂತಲ್ಲ, ಲೆಕ್ಕವಿಲ್ಲದೆ ಪೈಪ್ ಕತ್ತರಿಸಲೂ ನಾನು ಬಿಡುವುದಿಲ್ಲ. ಆದರೆ ಕಂಪ್ಯೂಟರಿಗೆ ನೀವು ಹೇಳಿದ ಭಾರ ಮಾತ್ರ ಗೊತ್ತು. ಹೇಳದೆ ಬಿಟ್ಟದ್ದು ಅದಕ್ಕೆ ಹೇಗೆ ಗೊತ್ತಾಗಬೇಕು?

ಲಂಡನ್‌ನಲ್ಲಿ ಥೇಮ್ಸ್ ನದಿಯ ಮೇಲೆ ನಡೆದು ಹೋಗುವವರಿಗೆ ಅಂತ ಮಿಲೇನಿಯಂ ಬ್ರಿಜ್ ಕಟ್ಟಿದರು. ದೊಡ್ಡ ದೊಡ್ಡ ಇಂಜಿನಿಯರುಗಳ ಕೆಲಸ. 2000ದ ಜೂನ್ 10ಕ್ಕೆ ತೆರೆದರು, ಜನ ಹಿಂಡುಹಿಂಡಾಗಿ ಬಂದರು, ಸೇತುವೆ ಎಡಕ್ಕೂ ಬಲಕ್ಕೂ ತೂಗಾಡತೊಡಗಿತು. ಎರಡೇ ದಿನಕ್ಕೆ ಮುಚ್ಚಬೇಕಾಯಿತು. ಭಾರ ತಡೆಯುವ ಶಕ್ತಿ ಅದಕ್ಕೆ ಬೇಕಾದಷ್ಟಿತ್ತು. ಮನುಷ್ಯ ನಡೆಯುವಾಗ ಕೆಳಗೆ ಮಾತ್ರ ಅಲ್ಲ, ಪಕ್ಕಕ್ಕೂ ಸ್ವಲ್ಪ ಒತ್ತುತ್ತಾನೆ. ಸೇತುವೆ ಕೊಂಚ ಅಲುಗಿದೊಡನೆ ಜನ ತಮಗೆ ಗೊತ್ತಿಲ್ಲದೆಯೇ ಅದರ ಓಲಾಟಕ್ಕೆ ಸರಿಯಾಗಿ ಹೆಜ್ಜೆ ಹಾಕಿದರು, ಅದರಿಂದ ಓಲಾಟ ಇನ್ನೂ ಜಾಸ್ತಿಯಾಯಿತು. ಕಂಪನ ಹೀರುವ ಸಾಧನಗಳನ್ನು ಜೋಡಿಸಿ ಮತ್ತೆ ತೆರೆದದ್ದು 2002ರ ಫೆಬ್ರವರಿಯಲ್ಲಿ. ಸೇತುವೆಯ ಮೇಲೆ ಜನ ಹೇಗೆ ನಡೆಯುತ್ತಾರೆ ಅನ್ನುವುದು ಜನ ನಡೆದಾಗಲೇ ಗೊತ್ತಾಯಿತು.

ಅಷ್ಟು ದೂರ ಯಾಕೆ, ನಮ್ಮ ಸೊಲ್ಲಾಪುರದ ಕಥೆಯೇ ಇದೆ. 1972ರ ಬರಗಾಲದಲ್ಲಿ ನಾನು ಅಕ್ಕಲಕೋಟೆ ಕಡೆಯ ನಮ್ಮ ಊರಿನಲ್ಲಿ ನಾಲ್ಕನೇ ಕ್ಲಾಸು. ಊರ ಕೈಪಂಪಿನ ಮುಂದೆ ಕೊಡಗಳ ಸಾಲು ಗುಡಿಯವರೆಗೆ ಹೋಗುತ್ತಿತ್ತು. ಬೀಡು ಕಬ್ಬಿಣದ ಪಂಪು. ಅದರ ಹಿಡಿಕೆ ಪಿನ್ನಿನ ಮೇಲೆ ಆಡಿ ಆಡಿ, ಪಿನ್ನಿನ ದುಂಡನೆಯ ತೂತು ಮೊಟ್ಟೆಯ ಆಕಾರಕ್ಕೆ ಬಂದಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನಮ್ಮಪ್ಪ ತಂತಿ ಸುತ್ತಿ ಕಟ್ಟುತ್ತಿದ್ದರು, ಎರಡು ದಿನಕ್ಕೆ ಮತ್ತೆ ಕಳಚುತ್ತಿತ್ತು. ಆ ಪಂಪು ಕೆಟ್ಟ ಪಂಪಲ್ಲ. ಯುರೋಪು, ಅಮೆರಿಕದಲ್ಲಿ ಒಂದು ಮನೆಯವರು ದಿನಕ್ಕೆ ನಾಲ್ಕಾರು ಬಕೆಟ್ ಎತ್ತಲಿ ಅಂತ ಮಾಡಿದ ಮಾದರಿಯ ನಕಲು. ನಮ್ಮಲ್ಲಿ ಇಡೀ ಊರು ನಸುಕಿನಿಂದ ರಾತ್ರಿಯವರೆಗೆ ಬಿಡದೆ ಹೊಡೆಯುತ್ತಿತ್ತು.

ಇದನ್ನು ಕಣ್ಣಾರೆ ನೋಡಿ ಸರಿಮಾಡಿದವರು ಮೊದಲು ಜಾಲ್ನಾದಲ್ಲಿ, ಆಮೇಲೆ ಸೊಲ್ಲಾಪುರದಲ್ಲಿ ಬೋರು ಕೊರೆಯುವ, ಪಂಪು ರಿಪೇರಿ ಮಾಡುವ ಕೆಲಸದಲ್ಲೇ ಇದ್ದವರು. ಅವರು ಮಾಡಿದ ಸೊಲ್ಲಾಪುರ ಪಂಪಿನಲ್ಲಿ ಉಕ್ಕಿನ ಹಿಡಿಕೆ, ಒಂದೇ ಕೀಲು, ಒಳಗಿನ ಸರಳನ್ನು ನೇರ ಎಳೆಯಲು ಸರಪಳಿ. ಅದರ ಮೇಲೆಯೇ ಯುನಿಸೆಫ್ ಜೊತೆ ಸೇರಿ 1970ರ ದಶಕದಲ್ಲಿ ಇಂಡಿಯಾ ಮಾರ್ಕ್ 2 ಪಂಪನ್ನು ರೂಪಿಸಿದರು. ಅದನ್ನು ಪರೀಕ್ಷೆಗೆ ಹಾಕಿದ್ದು ನೀರು ತುಂಬಾ ಆಳದಲ್ಲಿದ್ದ ಕೊಯಮತ್ತೂರು ಕಡೆಯ ಹಳ್ಳಿಗಳಲ್ಲಿ. ಆಳ ಜಾಸ್ತಿಯಾದಷ್ಟೂ ಎಳೆಯುವ ಭಾರ ಜಾಸ್ತಿ. ಕಷ್ಟದ ಜಾಗದಲ್ಲಿ ಬಾಳಿದ ಮೇಲೆಯೇ ದೇಶದ ತುಂಬ ಹೋಯಿತು. ಅಷ್ಟಕ್ಕೇ ನಿಲ್ಲಲಿಲ್ಲ. ಆ ಪಂಪಿನ ಕೆಳಗಿನ ವಾಷರ್ ಬದಲಿಸಬೇಕಾದರೆ ಪೈಪನ್ನೆಲ್ಲ ಮೇಲೆತ್ತಬೇಕು, ಊರವರಿಂದ ಆಗದ ಕೆಲಸ. ಅದನ್ನು ನೋಡಿ, ಪೈಪ್ ಎತ್ತದೆ ಒಳಗಿನ ಭಾಗವನ್ನಷ್ಟೇ ಎಳೆದು ತೆಗೆಯುವ ಮಾರ್ಕ್ 3 ಮಾಡಿದರು.

ಈಗ ನಿಮ್ಮ ಊರುಗೋಲಿಗೆ ಬರೋಣ. ಅಜ್ಜ ಅದರ ಮೇಲೆ ನೆಟ್ಟಗೆ ಕೂರುವುದಿಲ್ಲ. ದಣಿದು ಒಂದು ಪಕ್ಕಕ್ಕೆ ದೊಪ್ಪನೆ ಕೂರುತ್ತಾರೆ. ಏಳುವಾಗ ಸೀಟಿನ ಅಂಚಿಗೆ ಅಂಗೈ ಊರುತ್ತಾರೆ. ಹಿಡಿಕೆಗೆ ತರಕಾರಿ ಚೀಲ ನೇತುಹಾಕುತ್ತಾರೆ. ಪುಣೆಯ ಹಳೇ ವಾಡೆಗಳ ಅಂಗಳದಲ್ಲಿ ಶಹಾಬಾದ್ ಕಲ್ಲು, ಅದು ಒದ್ದೆಯಾದರೆ ರಬ್ಬರ್ ಬುಡ ಜಾರುತ್ತದೆಯೋ ನೋಡಿ. ಬಸ್ ಹತ್ತುವಾಗ ಕೋಲನ್ನು ಎಲ್ಲಿಡುತ್ತಾರೆ? ಸೀಟು ತೆರೆಯಲು ಬಗ್ಗಬೇಕಾದರೆ, ಮಂಡಿ ನೋವಿರುವವರು ಬಗ್ಗುತ್ತಾರಾ?

ಒಂದು ಎಚ್ಚರ. ವಯಸ್ಸಾದವರ ಮೇಲೆ ನೇರ ಪ್ರಯೋಗ ಮಾಡಬೇಡಿ. ಮೊದಲು ಮರಳಿನ ಚೀಲ ಹಾಕಿ, ಪಕ್ಕಕ್ಕೂ ಎಳೆದು ನೋಡಿ. ಆಮೇಲೆ ನೀವು ನಾಲ್ಕು ಜನ ಗೆಳೆಯರು ಒಂದು ವಾರ ಬಳಸಿ. ಅದಾದ ಮೇಲೆ ಅಜ್ಜ ಅಜ್ಜಿಯರಿಗೆ ಇದು ಇನ್ನೂ ಪರೀಕ್ಷೆಯಲ್ಲಿದೆ ಅಂತ ಬಿಡಿಸಿ ಹೇಳಿ, ಒಪ್ಪಿದವರಿಗೆ ಮಾತ್ರ ಕೊಡಿ, ಇಬ್ಬರು ಪಕ್ಕದಲ್ಲೇ ನಿಂತಿರಿ. ನಿಮ್ಮ ಗೈಡ್‌ಗೆ ಈ ಪತ್ರ ತೋರಿಸಿದರೂ ಆಗುತ್ತದೆ.

ಪ್ರಶ್ನೆ: ಎಷ್ಟು ಜನರಿಗೆ ಕೊಟ್ಟು ನೋಡಿದರೆ ಸಾಕು? ಅಷ್ಟೆಲ್ಲ ಓಡಾಡುವ ಬದಲು ಅವರಿಗೆ ಏನು ಬೇಕು ಅಂತ ಕೇಳಿಬಿಟ್ಟರೆ ಆಗುವುದಿಲ್ಲವೇ?
ಓದುಗರು, ಚಿಂಚ್ವಡ್

ಉತ್ತರ: ಎಷ್ಟು ಜನ ಅನ್ನುವುದಕ್ಕೆ ಯಾಕೋಬ್ ನೀಲ್ಸನ್ ಅನ್ನುವ ತಜ್ಞರು 2000ದಲ್ಲಿ ಒಂದು ಲೆಕ್ಕ ಕೊಟ್ಟಿದ್ದಾರೆ. 5 ಜನ ಬಳಸುವುದನ್ನು ನೋಡಿದರೆ ನೂರಕ್ಕೆ ಸುಮಾರು 85 ಪಾಲು ತೊಂದರೆ ಕಣ್ಣಿಗೆ ಬೀಳುತ್ತದೆ ಅಂತ. ಅದು ಕಂಪ್ಯೂಟರ್ ಪರದೆಯ ಮೇಲಿನ ಕೆಲಸಕ್ಕೆ ಹೇಳಿದ್ದು, ಆದರೂ ಮನೆಯಲ್ಲಿ ಕೂತು ಮಾಡುವವರಿಗೆ ಧೈರ್ಯ ಕೊಡುವ ಮಾತು. ಒಂದೇ ಸಲ 15 ಜನರಿಗೆ ಕೊಡುವ ಬದಲು 5 ಜನರಿಗೆ ಕೊಟ್ಟು, ಸರಿಮಾಡಿ, ಮತ್ತೆ ಬೇರೆ 5 ಜನರಿಗೆ ಕೊಡಿ ಅಂತಲೂ ಅವರೇ ಹೇಳುತ್ತಾರೆ. ಬಳಸುವವರು ಬೇರೆ ಬೇರೆ ತರಹದವರಾದರೆ ಪ್ರತಿಯೊಂದು ತರಹದವರೂ ಬೇಕು. ಮುರಿದರೆ ಪೆಟ್ಟಾಗುವ ವಸ್ತುವಿಗೆ ಮಾತ್ರ ಐದು ಜನ ಸಾಲದು.

ಇನ್ನು ಕೇಳಿದರೆ ಸಾಲದೇ ಅನ್ನುವುದು. ನಾನು ಕೇಳಿಯೇ ಮಾಡಿದ್ದೆ. ಪುಣೆಯ ಒಂದು ದೊಡ್ಡ ಕ್ಯಾಂಟೀನಿಗೆ ಸಾಂಬಾರು ಪಾತ್ರೆ ಸಾಗಿಸುವ 30 ಟ್ರಾಲಿ ಬೇಕಿತ್ತು. ಮ್ಯಾನೇಜರನ್ನು ಕೇಳಿದೆ, ಎತ್ತರ, ಅಗಲ, ತೂಕ ಎಲ್ಲ ಬರೆದುಕೊಂಡೆ. ಸ್ಯಾಂಪಲ್ ತೋರಿಸಿದೆ, ಆಫೀಸಿನ ಟೈಲ್ಸ್ ಮೇಲೆ ಉರುಳಿಸಿ ನೋಡಿ ಸೈ ಅಂದರು. ಮಾಲು ಕೊಟ್ಟು ತಿಂಗಳಾದ ಮೇಲೆ ಹಣ ತರಲು ಹೋದಾಗ ಲಿಫ್ಟ್ ಪಕ್ಕ ಗೋಡೆಗೆ ಒರಗಿಸಿದ ಒಂದು ಹಲಗೆ ಕಂಡಿತು. ಟ್ರಾಲಿ ತಳ್ಳುವ ಕೆಲಸದಾಕೆ, ಮೌಶಿ, ಬಂದರು. ಲಿಫ್ಟ್ ಬಾಗಿಲು ತೆರೆಯಿತು. ಟ್ರಾಲಿಯನ್ನು ಮೊಣಕಾಲಿನಿಂದ ತಡೆದು ಹಿಡಿದು, ಬಗ್ಗಿ ಹಲಗೆಯನ್ನು ಲಿಫ್ಟ್ ಮತ್ತು ನೆಲದ ನಡುವಿನ ಸಂದಿಗೆ ಹಾಸಿದರು, ಟ್ರಾಲಿ ದಾಟಿಸಿದರು, ಮತ್ತೆ ಬಗ್ಗಿ ಹಲಗೆ ತೆಗೆದರು. ನನ್ನ ಚಕ್ರ ಚಿಕ್ಕದು. ಆ ಸಂದಿಯಲ್ಲಿ ಇಳಿದು ಸಿಕ್ಕಿಕೊಳ್ಳುತ್ತಿತ್ತು, ಮೊದಲ ದಿನವೇ ಬಿಸಿ ಸಾಂಬಾರು ಅವರ ಕಾಲ ಮೇಲೆ ತುಳುಕಿತ್ತು. ಮ್ಯಾನೇಜರು ಒಂದು ದಿನವೂ ಟ್ರಾಲಿ ತಳ್ಳಿದವರಲ್ಲ. ಮೌಶಿಯನ್ನು ನಾನು ಏನೂ ಕೇಳಿರಲಿಲ್ಲ. 30 ಟ್ರಾಲಿಗೂ ನನ್ನ ಖರ್ಚಿನಲ್ಲೇ ದೊಡ್ಡ ಚಕ್ರ ಹಾಕಿಸಿಕೊಟ್ಟೆ. ಅಂದಿನಿಂದ ಸ್ಯಾಂಪಲ್ಲನ್ನು ಹಣ ಕೊಡುವವರಿಗೆ ತೋರಿಸುವ ಮೊದಲು ತಳ್ಳುವವರ ಕೈಗೆ ಕೊಡುತ್ತಿದ್ದೆ.

ಪ್ರಶ್ನೆ: ಠಾಣೆಯಲ್ಲಿ ನಮ್ಮದು ಉಡುಪಿ ಹೋಟೆಲು. ನನ್ನ ಅಕ್ಕನ ಮಗ ಆರ್ಡರ್ ಬರೆದುಕೊಳ್ಳಲು ಟ್ಯಾಬ್ಲೆಟ್‌ನಲ್ಲಿ ಒಂದು ಆ್ಯಪ್ ಮಾಡಿಕೊಟ್ಟ. ಮಧ್ಯಾಹ್ನ ಮೂರೂವರೆಗೆ ಟ್ರಯಲ್ ಮಾಡಿದಾಗ ಫಸ್ಟ್ ಕ್ಲಾಸ್. ಭಾನುವಾರ ಬೆಳಗ್ಗೆ ಒಂದು ಗಂಟೆಯೂ ನಡೆಯಲಿಲ್ಲ, ಹುಡುಗರು ಮತ್ತೆ ಚೀಟಿಗೆ ಬಂದರು. ಇವರಿಗೆ ಕಲಿಯುವ ಮನಸ್ಸಿಲ್ಲ ಅಂತಾನೆ ಅಳಿಯ. ಹೌದಾ?
ಓದುಗರು, ಠಾಣೆ

ಉತ್ತರ: ಇಲ್ಲ ಮಾರಾಯ್ರೇ, ಹುಡುಗರ ಮೇಲೆ ತಪ್ಪು ಹೊರಿಸಬೇಡಿ. ಮೂರೂವರೆಗೆ ಹೋಟೆಲಿನಲ್ಲಿ ಇರುವುದು ಎರಡು ಚಹಾ ಗಿರಾಕಿ. ಆ ಆ್ಯಪ್ ಕೆಲಸ ಮಾಡಬೇಕಾದ್ದು ಭಾನುವಾರ ಒಂಬತ್ತು ಗಂಟೆಗೆ.

ಆ ಹೊತ್ತಿಗೆ ಏನಾಗುತ್ತದೆ ನೋಡಿ. ಒಂದೇ ಟೇಬಲ್ಲಿಗೆ ಪರಿಚಯವೇ ಇಲ್ಲದ ಇಬ್ಬರು ಕೂರುತ್ತಾರೆ, ಮುಂಬಯಿಯಲ್ಲಿ ಇದು ದಿನದ ಮಾತು. ನಿಮ್ಮ ಅಳಿಯನ ಆ್ಯಪ್ ಒಂದು ಟೇಬಲ್ಲಿಗೆ ಒಂದೇ ಬಿಲ್ ಕೊಡುತ್ತದೆ ಅಂತ ನೀವೇ ಪತ್ರದಲ್ಲಿ ಬರೆದಿದ್ದೀರಿ. ಇಡ್ಲಿ ಒಬ್ಬರಿಗೆ ಸಾಂಬಾರ್ ಡಿಪ್, ಒಬ್ಬರಿಗೆ ಸಾಂಬಾರ್ ಬೇರೆ. ಮಸಾಲೆ ಕಡಕ್ ಇರಲಿ ಅಂತಾರೆ, ಹೇಳಿ ಎರಡು ನಿಮಿಷಕ್ಕೆ ಮೈಸೂರು ಮಸಾಲೆ ಮಾಡಿ ಅಂತಾರೆ. ಚೀಟಿಯಲ್ಲಿ ಅದು ಒಂದು ಗೀಟು. ಟ್ಯಾಬ್ಲೆಟ್‌ನಲ್ಲಿ ಎಷ್ಟು ಸಲ ಒತ್ತಬೇಕು, ಎಣಿಸಿದ್ದಾನಾ? ಹುಡುಗನ ಬೆರಳು ಆಗ ತಾನೇ ಟೇಬಲ್ ಒರೆಸಿ ಒದ್ದೆಯಾಗಿರುತ್ತದೆ, ಒದ್ದೆ ಬೆರಳಿಗೆ ಆ ಪರದೆ ಸರಿಯಾಗಿ ಓಗೊಡುವುದಿಲ್ಲ. ಒಳಗೆ ಕಾವಲಿಯ ಚುರ್ ಸದ್ದು, ಪಾತ್ರೆ ತೊಳೆಯುವ ಸದ್ದು, ಎಕ್ಸಾಸ್ಟ್ ಫ್ಯಾನು. ಹೊಸ ಆರ್ಡರ್ ಬಂದಾಗ ಟಿಂಗ್ ಅಂದರೆ ದೋಸೆ ಭಟ್ಟರಿಗೆ ಕೇಳಿಸುತ್ತದೆಯೇ?

ನಮ್ಮ ವೋಟಿಂಗ್ ಮಷಿನ್ ನೆನಪಿಸಿಕೊಳ್ಳಿ. ಬಟನ್ ಒತ್ತಿದರೆ ಪಕ್ಕದಲ್ಲೇ ಕೆಂಪು ದೀಪ ಹತ್ತುತ್ತದೆ, ಬೀಪ್ ಅಂತ ಉದ್ದಕ್ಕೆ ಸದ್ದೂ ಬರುತ್ತದೆ. ಕಿವಿ ಕೇಳದವರಿಗೆ ದೀಪ, ಕಣ್ಣು ಮಂದ ಇರುವವರಿಗೆ ಸದ್ದು. ಓದು ಬಾರದವರಿಗೆ ಚಿಹ್ನೆ. ಅದನ್ನೂ ಒಂದೇ ದಿನ ದೇಶಕ್ಕೆಲ್ಲ ಹಂಚಲಿಲ್ಲ. 1982ರಲ್ಲಿ ಕೇರಳದ ಪರೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ ನಿಜವಾದ ಚುನಾವಣೆಯಲ್ಲೇ ಮೊದಲು ಬಳಸಿದರು. ಆಮೇಲೆ ಕಾನೂನಿನ ತೊಡಕು ಬಂತು, ಅದು ಬೇರೆ ಮಾತು.

ಗದ್ದಲದ ಹೊತ್ತಿನಲ್ಲೇ ನೋಡಬೇಕು ಅನ್ನುವುದಕ್ಕೆ ಇನ್ನೂ ಒಂದು ಕಾರಣ ಇದೆ. 2025ರ ಆಗಸ್ಟ್ 19ರ ಮಳೆ ನೆನಪಿದೆಯಲ್ಲ? ಮುಂಬಯಿಯ ಹಾರ್ಬರ್ ಲೈನಿನ ಲೋಕಲ್ ಟ್ರೈನ್ ನಿಂತು, ಜನರೆಲ್ಲ ಮೋನೋರೈಲಿಗೆ ನುಗ್ಗಿದರು. ಚೆಂಬೂರಿನ ಮೈಸೂರು ಕಾಲೊನಿ ಹತ್ತಿರ ಗಾಡಿ ಎತ್ತರದ ಹಳಿಯ ಮೇಲೆಯೇ ನಿಂತುಬಿಟ್ಟಿತು. ಅದು 104 ಟನ್ ಭಾರಕ್ಕೆ ಮಾಡಿದ್ದು, ಆ ಹೊತ್ತಿಗೆ 109 ಟನ್ ಆಗಿತ್ತು ಅಂತ ನಡೆಸುವವರೇ ಹೇಳಿದರು. ಅಷ್ಟು ಜನರನ್ನು ಕೆಳಗಿಳಿಸಲು ಫೈರ್ ಬ್ರಿಗೇಡ್ ಬರಬೇಕಾಯಿತು. ವರ್ಷಗಟ್ಟಲೆ ಅರ್ಧ ಖಾಲಿ ಓಡಿದ ಗಾಡಿ ಅದು. ಈ ನಗರದಲ್ಲಿ ಒಂದು ದಾರಿ ಮುಚ್ಚಿದರೆ ಇಡೀ ಜನ ಇನ್ನೊಂದಕ್ಕೆ ಬರುತ್ತಾರೆ, ಆ ದಿನಕ್ಕೂ ಲೆಕ್ಕ ಇರಬೇಕು.

ಅಳಿಯನನ್ನು ಎರಡು ಭಾನುವಾರ ಎಂಟರಿಂದ ಹನ್ನೊಂದರವರೆಗೆ ಒಳಗೆ ಕಾವಲಿಯ ಪಕ್ಕ ನಿಲ್ಲಿಸಿ. ಮೂರನೇ ಭಾನುವಾರ ಅವನೇ ನಾಲ್ಕು ಟೇಬಲ್ ನೋಡಿಕೊಳ್ಳಲಿ. ಅಲ್ಲಿಯವರೆಗೆ ಚೀಟಿ ನಿಲ್ಲಿಸಬೇಡಿ. ಹುಡುಗರು ಯಾವಾಗ ಟ್ಯಾಬ್ಲೆಟ್ ಬಿಟ್ಟು ಚೀಟಿ ಹಿಡಿದರು ಅಂತ ಬರೆದಿಡಲಿ, ಅವನು ಸರಿಮಾಡಬೇಕಾದ ಪಟ್ಟಿ ಅದೇ. ಹುಡುಗ ಜಾಣ ಇದ್ದಾನೆ, ಸರಿಮಾಡುತ್ತಾನೆ.

ಪ್ರಶ್ನೆ: ನನ್ನ ಅತ್ತಿಗೆ ಮನೆಮನೆಗೆ ಮೀನು ಮಾರುತ್ತಾರೆ. ಅವರಿಗೆ ಅಂತ ನಾನು ಒಳಗೆ ಥರ್ಮಾಕೋಲ್ ಹಾಕಿ, ಚಕ್ರ ಇರುವ ಸ್ಟೀಲ್ ಪೆಟ್ಟಿಗೆ ಮಾಡಿದ್ದೇನೆ. ಮನೆಯಲ್ಲಿ ಐಸ್ ಹಾಕಿ ಮುಚ್ಚಿಟ್ಟರೆ ಎರಡು ದಿನ ಕರಗಲಿಲ್ಲ. ಇನ್ನು 10 ಮಾಡಿ ಮಾರಬಹುದಾ?
ಓದುಗರು, ವಾಸ್ಕೋ

ಉತ್ತರ: ಇನ್ನೂ ಬೇಡ. ಮುಚ್ಚಿಟ್ಟ ಪೆಟ್ಟಿಗೆಯಲ್ಲಿ ಐಸ್ ನಿಲ್ಲುತ್ತದೆ. ನಿಮ್ಮ ಅತ್ತಿಗೆ ಪ್ರತಿ ಮನೆಯ ಮುಂದೆಯೂ ಮುಚ್ಚಳ ತೆಗೆಯುತ್ತಾರೆ, ಗಿರಾಕಿ ಬಂಗಡೆ ಆರಿಸಿ ಮುಗಿಸುವವರೆಗೆ ತೆರೆದೇ ಇಡುತ್ತಾರೆ. ಒಂದು ಬೆಳಗ್ಗೆ ಜೊತೆಗೆ ಹೋಗಿ, ಮುಚ್ಚಳ ಎಷ್ಟು ಸಲ ತೆಗೆದರು ಅಂತ ಎಣಿಸಿ. ಕೂತು ಮೀನು ಕೊಯ್ಯುವಾಗ ಪೆಟ್ಟಿಗೆಯ ಎತ್ತರ ಅವರ ಕೈಗೆ ಸರಿ ಬರುತ್ತದೆಯೋ, ಏರಿನಲ್ಲಿ ಐಸ್ ತುಂಬಿದ ಪೆಟ್ಟಿಗೆಯನ್ನು ಅವರೊಬ್ಬರೇ ಎಳೆಯಬಲ್ಲರೋ, ಕರಗಿದ ನೀರು ಹೊರಗೆ ಹೋಗಲು ತೂತು ಎಲ್ಲಿದೆ, ಎಲ್ಲ ನೋಡಿ.

ದೊಡ್ಡ ಭಯ ಉಪ್ಪಿನದು. ಸಮುದ್ರದ ಗಾಳಿ, ಮೀನಿನ ನೀರು, ಎರಡೂ ಸೇರಿದರೆ ಸಾದಾ ಕಬ್ಬಿಣದ ಬೋಲ್ಟ್ ಬೇಗ ತುಕ್ಕು ಹಿಡಿಯುತ್ತದೆ. 304 ಅನ್ನುವ ಸ್ಟೀಲಿಗೂ ಕಂದು ಕಲೆ ಬರುತ್ತದೆ, 316 ಜಾಸ್ತಿ ತಡೆಯುತ್ತದೆ, ಬೆಲೆಯೂ ಜಾಸ್ತಿ. ಜೂನ್ 1ರಿಂದ ಜುಲೈ 31ರವರೆಗೆ ಗೋವಾದಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆ ಬಂದ್ ಇರುತ್ತದಲ್ಲ, ಅದಕ್ಕಿಂತ ಮೊದಲು ಎರಡು ತಿಂಗಳು ಅತ್ತಿಗೆ ಬಳಸಲಿ. ಬಂದ್ ಇರುವಾಗ ಪೆಟ್ಟಿಗೆಯನ್ನು ಅವರು ಇಡುವ ಜಾಗದಲ್ಲೇ ಬಿಡಿ. ಆಗಸ್ಟ್‌ನಲ್ಲಿ ಕೀಲು ತಿರುಗುತ್ತದೆಯೇ, ಥರ್ಮಾಕೋಲ್ ವಾಸನೆ ಬರುತ್ತದೆಯೇ ನೋಡಿ, ಆಮೇಲೆ ಹತ್ತರ ಮಾತು.

ಪ್ರಶ್ನೆ: ನಮ್ಮ ತಾಯಿಗೆ 82. ಬಿದ್ದಾರು ಅಂತ ಭಯಪಟ್ಟು ಬಾತ್‌ರೂಮಿನಲ್ಲಿ ಒಳ್ಳೆಯ ಸ್ಟೀಲ್ ಹಿಡಿಕೆ ಹಾಕಿಸಿದೆ, ಅಂಗಡಿಯವರು ತೋರಿಸಿದ ಚಿತ್ರದಲ್ಲಿದ್ದ ಜಾಗದಲ್ಲೇ. ಅಮ್ಮ ಅದನ್ನು ಮುಟ್ಟುವುದೇ ಇಲ್ಲ, ನಲ್ಲಿ ಹಿಡಿದುಕೊಂಡೇ ಏಳುತ್ತಾರೆ. ಹೇಗೆ ಅಭ್ಯಾಸ ಮಾಡಿಸಲಿ?
ಓದುಗರು, ಮಾಟುಂಗಾ

ಉತ್ತರ: ಅಮ್ಮನಿಗೆ ಅಭ್ಯಾಸ ಮಾಡಿಸಬೇಡಿ, ಹಿಡಿಕೆಯ ಜಾಗ ಬದಲಿಸಿ. ಚಿತ್ರದಲ್ಲಿರುವುದು ಶವರ್ ಕೆಳಗೆ ನಿಂತು ಸ್ನಾನ ಮಾಡುವವರಿಗೆ. ನಿಮ್ಮ ತಾಯಿ ಚಿಕ್ಕ ಸ್ಟೂಲಿನ ಮೇಲೆ ಕೂತು, ಬಕೆಟ್ಟಿನಿಂದ ತಂಬಿಗೆಯಲ್ಲಿ ಹುಯ್ದುಕೊಳ್ಳುತ್ತಾರೆ ಅಂತ ನೀವೇ ಬರೆದಿದ್ದೀರಿ. ಕೂತಲ್ಲಿಂದ ಏಳುವಾಗ ಅವರ ಕೈಗೆ ಸಿಗುವುದು ನಲ್ಲಿಯೇ. ಅಂದರೆ ಹಿಡಿಕೆ ಎಲ್ಲಿರಬೇಕು ಅಂತ ಅವರು ದಿನಾ ತೋರಿಸುತ್ತಿದ್ದಾರೆ.

ಇದೇ ಕಾರಣಕ್ಕೆ ಜೈಪುರ ಕಾಲು ಹುಟ್ಟಿದ್ದು. ವಿದೇಶದ ಮಾದರಿಯ ಕೃತಕ ಕಾಲಿಗೆ ಬೂಟು ಬೇಕಿತ್ತು, ನಮ್ಮವರು ಬರಿಗಾಲಲ್ಲಿ ಗುಡಿಗೆ ಹೋಗುವವರು, ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವವರು. ಜನ ಕೊಟ್ಟ ಕಾಲನ್ನು ಮೂಲೆಗಿಟ್ಟು ಊರುಗೋಲಿಗೆ ಮರಳುತ್ತಿದ್ದರು. ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಡಾಕ್ಟರ್ ಪಿ. ಕೆ. ಸೇಠಿ 1960ರ ದಶಕದ ಕೊನೆಗೆ ರಬ್ಬರು, ಮರ ಸೇರಿಸಿ ಕುಕ್ಕರಗಾಲಲ್ಲಿ ಕೂರಲೂ ಆಗುವ ಪಾದ ಮಾಡಿದರು.

ಅಮ್ಮ ಸೀರೆಯಲ್ಲೇ, ಒಣ ನೆಲದಲ್ಲೇ, ಸ್ನಾನದ ಸ್ಟೂಲಿನ ಮೇಲೆ ಒಂದು ಸಲ ಕೂತು ಎದ್ದು ತೋರಿಸಲಿ. ಅವಸರ ಮಾಡಬೇಡಿ. ಕೂರುವಾಗ ಯಾವ ಕೈ, ಏಳುವಾಗ ಯಾವ ಕೈ, ಬಾಗಿಲ ಹೊಸ್ತಿಲು ದಾಟುವಾಗ ಎಲ್ಲಿ ಹಿಡಿಯುತ್ತಾರೆ, ಮೂರೂ ಕಡೆ ಚಾಕ್‌ನಿಂದ ಗುರುತು ಹಾಕಿ. ರಾತ್ರಿ ಕನ್ನಡಕವಿಲ್ಲದೆ ಎದ್ದು ಬರುವ ಹೊತ್ತಿನಲ್ಲೂ ಒಮ್ಮೆ ಜೊತೆಗೆ ಹೋಗಿ ನೋಡಿ, ಸ್ಟೀಲು ಬಿಳಿ ಟೈಲ್ಸ್ ಮೇಲೆ ಅವರ ಕಣ್ಣಿಗೆ ಕಾಣುತ್ತದೆಯೇ ಅಂತ. ಕಾಣದಿದ್ದರೆ ಬಣ್ಣದ ಹಿಡಿಕೆ ತನ್ನಿ. ದಪ್ಪ 32ರಿಂದ 38 ಮಿಲಿಮೀಟರ್ ಇದ್ದರೆ ಬೆರಳು ಸುತ್ತಲೂ ಬರುತ್ತದೆ, ಗೋಡೆಗೂ ಅದಕ್ಕೂ ನಡುವೆ 38 ಮಿಲಿಮೀಟರ್ ಸಂದಿ ಇರಲಿ. ನಿಮ್ಮದು ಹಳೇ ಕಟ್ಟಡ, ಟೈಲ್ಸ್ ಹಿಂದೆ ಇಟ್ಟಿಗೆ ಗಟ್ಟಿ ಇದೆಯೋ ಇಲ್ಲವೋ ಡ್ರಿಲ್ ಮಾಡುವವರ ಹತ್ತಿರ ಕೇಳಿಯೇ ತೂತು ಹಾಕಿಸಿ. ಹಾಕಿಸಿದ ಮೇಲೆ ಮೊದಲು ನೀವು ನಿಮ್ಮ ಪೂರ್ತಿ ಭಾರ ಬಿಟ್ಟು ಜಗ್ಗಿ. ಆಮೇಲೆ ಕೈಗೆ ಸ್ವಲ್ಪ ಎಣ್ಣೆ ಹಚ್ಚಿಕೊಂಡು ಹಿಡಿದು ನೋಡಿ. ಅಮ್ಮ ಈಗಲೂ ಶನಿವಾರ ಎಣ್ಣೆ ಸ್ನಾನ ಮಾಡುತ್ತಾರೆ ಅಂತ ಬರೆದಿದ್ದೀರಲ್ಲ. ಎಣ್ಣೆ ಕೈ ಜಾರಿದರೆ ನಯವಾದ ಹಿಡಿಕೆ ಬೇಡ, ಒರಟು ಮೈ ಇರುವುದನ್ನೇ ಕೇಳಿ ತನ್ನಿ, ಶನಿವಾರದ ಒಳಗೆ.